ಮಗಳ ಬಯೋಡೇಟಾ

ಬಯೋಡೇಟಾ ಕೇಳಿ ಬಂದ ಗಂಡಿನ ಕಡೆಯವರು ಹೊರಗೆ ಕಾಯುತ್ತಿದ್ದರು. ಒಳಗೆ ವಧೂವರ ಕೇಂದ್ರದ ಮಾಲೀಕರು ಕೀಬೋರ್ಡು ಕುಟ್ಟುತ್ತಿದ್ದರು. ಊರ ಹುಡುಗಿಯರದ್ದೆಲ್ಲ ತೆರೆಯುತ್ತಿದ್ದ ಕಂಪ್ಯೂಟರು ಅವರ ಸ್ವಂತ ಮಗಳದ್ದಕ್ಕೆ ಮಾತ್ರ ‘ಅನುಮತಿ ಇಲ್ಲ’ ಎನ್ನುತ್ತಿತ್ತು.

“ನನ್ನ ಆಫೀಸು, ನನ್ನ ಮಗಳು! ನನಗೇ ಅನುಮತಿ ಇಲ್ವೇನ್ರೀ? ಎಂಥಾ ಪ್ರೋಗ್ರಾಂ ಮಾಡ್ಕೊಟ್ರಿ ನೀವು?”

“ನಿಮ್ಮ ಪಾಸ್‌ವರ್ಡ್ ಸರಿಯಾಗೇ ಇದೆ ಸಾರ್,” ಎಂದ ಪ್ರೋಗ್ರಾಂ ಮಾಡಿಕೊಟ್ಟವನು, ಮೂರನೇ ಸಲ ಪರೀಕ್ಷಿಸಿ.

“ಮತ್ಯಾಕೆ ತೆಗೀತಿಲ್ಲ? ದಿನಾ ಇದರಲ್ಲಿ ವಿವರ ತುಂಬೋಳು ಅವಳೇ. ಇವತ್ತೇ ನೋಡಿ, ಫೋನೂ ಎತ್ತುತ್ತಿಲ್ಲ!”

ಅವನು ಹೊರಗೆ ಕಾಯುತ್ತಿದ್ದವರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

“ಮದುವೆಯಾದ ಹುಡುಗೀರ ಬಯೋಡೇಟಾ ಯಾರಿಗೂ ತೆರೀಬಾರ್ದು ಅಂತ ನೀವೇ ರೂಲ್ ಹಾಕ್ಸಿದ್ರಲ್ಲ ಸಾರ್.”