ಅವನು ಓಡಿಸಿಬಿಡುತ್ತಿದ್ದ ಭಾಗ

ಗೋಲು ಬಿದ್ದು ಗ್ಯಾಲರಿಯ ಜನ ಎದ್ದು ಕುಣಿಯುತ್ತಿದ್ದ ಹಾಗೇ ಅವಳು ಚಿತ್ರವನ್ನು ನಿಲ್ಲಿಸಿದಳು. ಅದು ಗಂಡನ ಮೆಚ್ಚಿನ ಫುಟ್‌ಬಾಲ್ ಸಾಕ್ಷ್ಯಚಿತ್ರ. ಈ ಭಾಗ ಬಂದರೆ ಸಾಕು, "ಬರೀ ಜನ ಕಣೇ, ಮದುವೆ ವಿಡಿಯೋ ಥರ" ಎಂದು ನಗುತ್ತ ಮುಂದಕ್ಕೆ ಓಡಿಸಿಬಿಡುತ್ತಿದ್ದ. ಇವತ್ತು ಅವನು ಸ್ನಾನಕ್ಕೆ ಹೋಗಿದ್ದ.

ಮೂರನೇ ಸಾಲಿನಲ್ಲಿ ಅವಳ ಅಕ್ಕ ನಿಂತಿದ್ದಳು. ಪರದೆಯ ಮೂಲೆಯಲ್ಲಿದ್ದ ತಾರೀಕು ಅಕ್ಕ ಕಾಣೆಯಾದ ದಿನದ್ದು. ಅಕ್ಕನ ಹೆಗಲಿಗೆ ಕೈ ಹಾಕಿದ್ದವನು, "ನಿಮ್ಮಕ್ಕನ್ನ ನಾನು ಫೋಟೋದಲ್ಲಷ್ಟೇ ನೋಡಿರೋದು" ಎನ್ನುತ್ತ ಬಂದಿದ್ದ ಅವಳ ಗಂಡನೇ. ಅಕ್ಕ ಅವನ ಮುಖ ನೋಡಿ ನಗುತ್ತಿದ್ದಳು. ಮದುವೆಯಾದ ಹೊಸದರಲ್ಲಿ ತಾನೂ ಹಾಗೇ ನಗುತ್ತಿದ್ದುದು ಅವಳಿಗೆ ನೆನಪಾಯಿತು.

ಬಚ್ಚಲಲ್ಲಿ ನೀರಿನ ಸದ್ದು ನಿಂತಿತು.

"ಯಾಕೆ, ಗಲಾಟೆ ನಿಂತೇ ಹೋಯ್ತು?" ಎಂದು ಅವನು ಒಳಗಿನಿಂದ ಕೇಳಿದ.

ಅವಳ ಬೆರಳು ರಿಮೋಟಿನ ಗುಂಡಿ ಒತ್ತುವ ಮೊದಲೇ ಚಿಲಕ ತೆಗೆದ ಸದ್ದಾಯಿತು.