ಹೊಡೆದುಹಾಕಿದ ಸೊನ್ನೆ

"ಕಾಣಿ, ಒಂದು ಅಂದ್ರೆ ಎರಡೇ!" ಹೆಣ್ಣು ನೋಡಲು ಬಂದಿದ್ದ ಬೊಂಬಾಯಿಯ ಶೇಖರ ಶೆಟ್ಟಿ, ತಾನು ಲೆಕ್ಕ ಮಾಡಿ ತೋರಿಸಿದ ಸ್ಲೇಟನ್ನು ಎತ್ತಿ ಹಿಡಿದ. ಬಸ್ರೂರಿನ ಆ ಚಾವಡಿಯಲ್ಲಿ ಕೂತವರೆಲ್ಲ ಬೆರಗಾಗಿ ನಕ್ಕರು.

ಶಾಲೆಯಲ್ಲಿ ಲೆಕ್ಕ ಕಲಿಸುವ ಹರಿಣಾಕ್ಷಿ ನಗಲಿಲ್ಲ. ಕಾಫಿಯ ತಟ್ಟೆ ಕೆಳಗಿಟ್ಟು, 'ಎ ಕಳೆ ಬಿ'ಯನ್ನು ಎರಡೂ ಕಡೆ ಹೊಡೆದುಹಾಕಿದ್ದ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟಳು. "ಎ, ಬಿ ಎರಡೂ ಸಮ ಅಂತ ಮೇಲೆ ಬರೆದಿದ್ರಿ. ಹಾಂಗಾರೆ ಎ ಕಳೆ ಬಿ ಸೊನ್ನೆ. ಸೊನ್ನೆಯಿಂದ ಭಾಗ್ಸುಕೆ ಆತ್ತಾ?"

"ಬೊಂಬಾಯಿಯಲ್ಲಿ ಒಬ್ರೂ ಇದನ್ನ ಹಿಡೀಲಿಲ್ಲ," ಎಂದು ಅವನು ಹೆಮ್ಮೆಯಿಂದಲೇ ಹೇಳಿದ.

"ಅಂದ್ರೆ, ಸುಳ್ಳು ಅಂತ ಗೊತ್ತಿದ್ದೇ ಬರೆದ್ರಿಯಾ?" ಅವಳ ಬೆರಳು ಕದಲಲಿಲ್ಲ. "ಮತ್ತೆಂತ ಅಡಗ್ಸಿಟ್ಟಿದ್ರಿ?"

ಶೇಖರ ನಗಲು ನೋಡಿದ. ಪಕ್ಕದಲ್ಲಿದ್ದ ಅವನ ಅಕ್ಕ ಪ್ರಫುಲ್ಲಾ ತಲೆ ತಗ್ಗಿಸಿ ತಮ್ಮನಿಗೆ ಹೇಳಿದಳು:

"ಬೊಂಬಾಯಿಯಲ್ಲಿಪ್ಪ ನಿನ್ ಹೆಂಡ್ತಿ ಸುದ್ದಿ ಮೊದ್ಲೇ ಹೇಳ್ ಅಂದಿದ್ದೆ ಅಲ್ದಾ ನಾನ್?"