ನಾಲ್ಕು ಗಂಟೆಯ ಮುಖ

ನಿಜಗುಣಪ್ಪನ ಹತ್ತಿರ ತಂದೆಯ ಫೋಟೋ ಇರಲಿಲ್ಲ. ತಂದೆ ತೀರಿಕೊಂಡಾಗ ಅವನಿಗೆ ಎರಡು ವರ್ಷ. ಈಗ, ೨೦೦೮ರಲ್ಲಿ, ಐವತ್ತೆಂಟು. ರಾಮದುರ್ಗದಲ್ಲಿ ತಂದೆಯ ಹೆಸರಿನ ವಾಚನಾಲಯ ಕಟ್ಟಿಸುತ್ತಿದ್ದ.

ಪಡುವಣ ಬಿಸಿಲಿಗೆ ತಗಡಿನ ಜಾಲರಿ ನಿಲ್ಲಿಸೋಣ ಎಂದು ಆರ್ಕಿಟೆಕ್ಟ್ ಸಂದೀಪ ಲ್ಯಾಪ್‌ಟಾಪ್ ತೆರೆದ. ಫೋಟೋ ಹಾಕಿದರೆ ಸಾಕು: ಬೆಳಕಿದ್ದಲ್ಲಿ ದೊಡ್ಡ ತೂತು, ಕಪ್ಪಿದ್ದಲ್ಲಿ ಸಣ್ಣದು, ಬಿಸಿಲಿನ ಓರೆಯನ್ನೂ ಕಂಪ್ಯೂಟರೇ ಲೆಕ್ಕ ಹಾಕುತ್ತದೆ, ಸಂಜೆ ನಾಲ್ಕಕ್ಕೆ ಒಳಗೋಡೆಯ ಮೇಲೆ ಆ ಮುಖ ಬೆಳಕಾಗಿ ಬೀಳುತ್ತದೆ. ನಮೂನೆಗೆಂದು ತನ್ನ ಬಳಿಯಿದ್ದ ಒಂದು ಹಳೆಯ ಫೋಟೋ ಹಾಕಿ ತೋರಿಸಿದ. ರುಮಾಲು, ಹುರಿಮೀಸೆ.

ನಿಜಗುಣಪ್ಪ ಎದ್ದು ನಿಂತ. "ಸಾಹೇಬ್ರ, ಇದ ನಮ್ಮ ಅಪ್ಪಾರ ಮುಖ."

ಇದು ಬರೀ ನಮೂನೆ ಎಂದು ಸಂದೀಪ ಎರಡು ಸಲ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಣ್ಣಿಗೆ ಪೊರೆ ಬಂದ ತಾಯಿ ಚನ್ನವ್ವನನ್ನು ಕರೆತಂದರು. ಅವಳು ಪರದೆಗೆ ಮೂಗು ತಾಗಿಸಿ ನೋಡಿ, ಮೀಸಿ ಅವರದ ಐತಿ ಅಂದಳು. ಮೂರನೆಯ ಸಲ ಸಂದೀಪ ಹೇಳಲಿಲ್ಲ. ಅದು ಅವನ ಮೊದಲ ಕಟ್ಟಡ.

ಜಾಲರಿ ನಿಂತಿತು. ದಿನಾ ನಾಲ್ಕಕ್ಕೆ ನಿಜಗುಣಪ್ಪ ಚಪ್ಪಲಿ ಬಿಟ್ಟು ಬಂದು ಗೋಡೆಗೆ ಹಣೆ ಹಚ್ಚುತ್ತಿದ್ದ. ಅಷ್ಟು ಹೊತ್ತು ಓದುವವರೆಲ್ಲ ಎದ್ದು ನಿಲ್ಲಬೇಕಿತ್ತು.

ಹದಿಮೂರನೆಯ ದಿನ ಸಂದೀಪನ ಅಜ್ಜಿ ಕೃಷ್ಣವ್ವ ಮೊಮ್ಮಗನ ಕೆಲಸ ನೋಡಲು ಚಚಡಿಯಿಂದ ಬಂದಳು. ಗೋಡೆಯ ಮೇಲೆ ಮುಖ ಮೂಡುತ್ತಲೇ ಗಡಬಡಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಯಾಕಬೇ, ನಮ್ಮ ಅಪ್ಪಾರ ಪರಿಚಯ ಇತ್ತೇನು?" ನಿಜಗುಣಪ್ಪ ಹಿಗ್ಗಿನಿಂದ ಕೇಳಿದ.

"ನಿಮ್ಮ ಅಪ್ಪಾರ ನನಗ ಗೊತ್ತಿಲ್ರಿ. ಇವರು ನಮ್ಮನಿಯವರು, ಸಂದೀಪನ ಮುತ್ಯಾ."

ನಿಜಗುಣಪ್ಪ ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. "ಚಚಡ್ಯಾಗ ಯಾವ ಓಣ್ಯಾಗ ನಿಮ್ಮ ಮನಿ?"

"ಊರಾಗಲ್ರಿ. ಹೊರಗಿನ ಕೇರ್ಯಾಗ."

ಅವನು ಅಂಗೈಯಿಂದ ಹಣೆ ಒರೆಸಿಕೊಂಡು ಸಂದೀಪನ ಕಡೆ ತಿರುಗಿದ. ಸಾಹೇಬ್ರು ಅನ್ನುವುದು ಮರೆತಿತ್ತು. "ನೀ ಯಾಕ ಹೇಳಲಿಲ್ಲೋ?"

"ನಿಮ್ಮ ಅಪ್ಪಾರು ಅಂತ ನೀವ ಗುರುತ ಹಿಡಿದ್ರಿ. ಅಲ್ಲ ಅಂತ ನಾ ಹ್ಯಾಂಗ ಅನ್ನಲಿ?"

ಮರುದಿನ ಮಿಸ್ತ್ರಿ ದುರ್ಗಪ್ಪ ತೂತು ಮುಚ್ಚುವ ಪುಟ್ಟಿ ಡಬ್ಬಿ ಹಿಡಿದು ಬಂದ. ಮೂರು ದಿನದ ಕೆಲಸವಾಯಿತು. ವಾಚನಾಲಯದಲ್ಲಿ ಈಗ ಹಗಲೇ ಟ್ಯೂಬ್‌ಲೈಟ್ ಹಚ್ಚುತ್ತಾರೆ. ಒಟ್ಟು ಹೋದದ್ದು ಎರಡು ಸಾವಿರದ ಮುನ್ನೂರ ಹನ್ನೊಂದು ತೂತು, ಒಬ್ಬ ಅಪ್ಪ.